ಜಾಸ್ತಿ ಹಾರಿಲ್ಲ ಅಂದರೆ ಅನುಮಾನಪಡಿ

ನಮ್ಮೂರಲ್ಲಿ ಹಳೇ ಕಾರು ಮಾರುವವರು ‘ಸಿಂಗಲ್ ಓನರ್, ಡಾಕ್ಟರ್ ಗಾಡಿ, ಜಾಸ್ತಿ ಓಡಿಲ್ಲ’ ಅಂತಾರಲ್ಲ, ಇಲ್ಲಿ ಅಮೆರಿಕದಲ್ಲಿ ಹಳೇ ವಿಮಾನ ಮಾರುವವರದ್ದೂ ಅದೇ ಮಾತು. ನಾನು ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವಿಮಾನಗಳ ಮೆಕ್ಯಾನಿಕ್. ಕೊಳ್ಳುವ ಮುಂಚೆ ಒಮ್ಮೆ ನೋಡಿಕೊಡಿ ಅಂತ ಬರುವವರಲ್ಲಿ ಈಗ ಕನ್ನಡದವರೂ ಇದ್ದಾರೆ, ಹೆಚ್ಚಾಗಿ ಮೂರ್ನಾಲ್ಕು ಜನ ಸೇರಿ ದುಡ್ಡು ಹಾಕುವ ಸಾಫ್ಟ್‌ವೇರ್‌ನವರು.

ಹೋದ ವರ್ಷ ಹಾಗೇ ಬಂದ ಮೂವರು ಗೆಳೆಯರು 1978ರ ಸೆಸ್ನಾ 172ಎನ್ ತೋರಿಸಿದರು. ಬಣ್ಣ ಫಳಫಳ. ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು) ಆದ ಮೇಲೆ ಹಾರಿದ್ದು ಬರೀ 400 ಗಂಟೆ. ಎಂಜಿನ್ ಮಾಡಿದ ಲೈಕಮಿಂಗ್ ಕಂಪನಿ 2000 ಗಂಟೆಗೊಮ್ಮೆ ಓವರ್‌ಹಾಲ್ ಮಾಡಿ ಅನ್ನುತ್ತದೆ, ಹಾಗಾಗಿ ಇನ್ನೂ 1600 ಬಾಕಿ ಇದೆ ಅಂತ ಇವರ ಲೆಕ್ಕ. ನಾನು ಲಾಗ್‌ಬುಕ್ ತೆಗೆದೆ. ಓವರ್‌ಹಾಲ್ ಆಗಿ 22 ವರ್ಷ! ಗಂಟೆ ತುಂಬದಿದ್ದರೂ 12 ವರ್ಷಕ್ಕೆ ಬಿಚ್ಚಿ ಅಂತ ಅದೇ ಕಂಪನಿ ಹೇಳುತ್ತದೆ, ಮಾರುವವರು ಅದನ್ನು ಬಾಯಿ ಬಿಡುವುದಿಲ್ಲ. ಖಾಸಗಿ ಹಾರಾಟಕ್ಕೆ ಎರಡೂ ಕಡ್ಡಾಯ ಅಲ್ಲ ಬಿಡಿ, 2000 ದಾಟಿ ಆರಾಮಾಗಿ ಓಡುವ ಎಂಜಿನ್ ಎಷ್ಟೋ ನೋಡಿದ್ದೇನೆ. ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಕೊನೆಯ ಆರು ವರ್ಷದಲ್ಲಿ ಅದು ಹಾರಿದ್ದು ಒಟ್ಟು 11 ಗಂಟೆ.

ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮೇಲೆ. ತಿಂಗಳುಗಟ್ಟಲೆ ಸುಮ್ನೆ ನಿಂತರೆ ಮೇಲಿನ ಆಯಿಲ್ ಎಲ್ಲ ಕೆಳಗೆ ಇಳಿದುಹೋಗುತ್ತದೆ, ಒಳಗಿನ ತೇವಕ್ಕೆ ಕ್ಯಾಮ್ ತುಕ್ಕು ಹಿಡಿಯುತ್ತದೆ, ಆಮೇಲೆ ಒಂದು ದಿನ ಸ್ಟಾರ್ಟ್ ಮಾಡಿದಾಗ ಆ ತುಕ್ಕು ಉಜ್ಜಿ ಉಜ್ಜಿ ಲೋಹವನ್ನೇ ತಿನ್ನುತ್ತದೆ. ಆ ಕಾಲದ 172ಎನ್ ಎಂಜಿನ್‌ಗಂತೂ ಕ್ಯಾಮ್, ಅದಕ್ಕೆ ತಾಗಿ ಓಡುವ ಟ್ಯಾಪೆಟ್ ಸವೆಯುವ ಕೆಟ್ಟ ಹೆಸರು ಮೊದಲೇ ಇದೆ. ಕಂಪ್ರೆಷನ್, ಅಂದರೆ ಸಿಲಿಂಡರ್‌ಗೆ ತುಂಬಿದ ಗಾಳಿ ಎಷ್ಟು ನಿಲ್ಲುತ್ತದೆ ಅಂತ, ನೋಡಿದರೆ ನಾಲ್ಕೂ ಸಿಲಿಂಡರ್‌ನಲ್ಲಿ 80ಕ್ಕೆ 75, 76. ಮಾರುವವರ ಮುಖ ಅರಳಿತು. ಆದರೆ ಆ ಪರೀಕ್ಷೆ ಹೇಳುವುದು ರಿಂಗ್, ವಾಲ್ವ್ ಸುದ್ದಿ. ಕ್ಯಾಮ್ ಸುದ್ದಿ ಅದಕ್ಕೆ ಗೊತ್ತಿಲ್ಲ. ಆಯಿಲ್ ಫಿಲ್ಟರ್ ಕೊಯ್ದು, ಒಳಗಿನ ಕಾಗದ ಬಿಡಿಸಿ, ಮ್ಯಾಗ್ನೆಟ್ ಹಿಡಿದೆ. ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿಕೊಂಡಿತು. ಕ್ಯಾಮ್ ಬದಲಾಯಿಸಬೇಕು ಅಂದರೆ ಎಂಜಿನ್ ಹೊಟ್ಟೆಯನ್ನೇ ಎರಡು ಹೋಳು ಮಾಡಬೇಕು, ಅಂದರೆ ಮತ್ತೆ ಓವರ್‌ಹಾಲ್, 30,000 ಡಾಲರ್ ಮೇಲೇ ಅಂದುಕೊಳ್ಳಿ.

‘ಮೊನ್ನೆ ತಾನೇ ವಾರ್ಷಿಕ ತಪಾಸಣೆ ಆಗಿದೆಯಲ್ಲ ಸಾರ್’ ಅಂದರು ಒಬ್ಬರು. ಆಗಿರಲಿ. ಅದನ್ನು ಮಾಡಿದ ಮೆಕ್ಯಾನಿಕ್ ಕೈಯಲ್ಲೇ ಕೊಳ್ಳುವ ಮುಂಚಿನ ತಪಾಸಣೆ ಮಾಡಿಸಬೇಡಿ, ತಾನು ಹೋದ ತಿಂಗಳು ಸಹಿ ಹಾಕಿದ್ದರಲ್ಲಿ ಯಾರು ತಪ್ಪು ಹುಡುಕುತ್ತಾರೆ? ವಿಮಾನದ ಮೇಲೆ ಸಾಲ ಇದೆಯಾ ಅನ್ನುವುದು ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ರಿಜಿಸ್ಟ್ರಿ ದಾಖಲೆಯಲ್ಲಿ ಸಿಗುತ್ತದೆ. ಅದನ್ನೂ ತೆಗೆಸಿ.

ಇನ್ನು ಪಾಲುದಾರಿಕೆ. ಆ ಮೂವರಲ್ಲಿ ಒಬ್ಬರದ್ದು ಎಚ್-1ಬಿ ವೀಸಾ. ಇಲ್ಲಿ ವಿಮಾನವನ್ನು ತಮ್ಮ ಹೆಸರಲ್ಲಿ ನೋಂದಾಯಿಸಿಕೊಳ್ಳಲು ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು, ಒಬ್ಬರಿಗೆ ಇಲ್ಲದಿದ್ದರೂ ಟ್ರಸ್ಟ್ ಮೂಲಕ ಹೋಗಬೇಕಾಗುತ್ತದೆ. ಮುಂಗಡ ಕೊಡುವ ಮೊದಲೇ ವಕೀಲರನ್ನು ಕೇಳಿ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಎಲ್ಲರಿಗೂ ಸಮಪಾಲು. ಪೆಟ್ರೋಲ್ ಗಂಟೆಗೆ 8, 9 ಗ್ಯಾಲನ್, ಅದು ಹಾರಿಸಿದವರ ಲೆಕ್ಕಕ್ಕೆ, ಅದರ ಜೊತೆ ಗಂಟೆಗೆ 15 ಡಾಲರ್ ಮುಂದಿನ ಓವರ್‌ಹಾಲ್‌ಗೆ ಕೂಡಿಡುವ ಎಂಜಿನ್ ಹುಂಡಿಗೆ. 30,000ವನ್ನು 2000 ಗಂಟೆಗೆ ಹಂಚಿದರೆ ಅಷ್ಟೇ ಬರುತ್ತದೆ, ಅಲ್ವಾ? ಒಬ್ಬರು ಬಿಟ್ಟು ಹೋದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ ಅನ್ನುವುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಿ. ಊರಿನ ಟ್ರಾನ್ಸ್‌ಫರ್, ಮಗು, ಬೆನ್ನುನೋವು, ಏನಾದರೂ ಒಂದು ಬಂದೇ ಬರುತ್ತದೆ.

ಕೊನೆಗೆ ಅವರು ಕೊಂಡಿದ್ದು 1974ರದ್ದು. ಎಂಜಿನ್ 1300 ಗಂಟೆ ಓಡಿದೆ, ಆದರೆ ಪ್ರತಿ ವಾರ ಹಾರಿದ ವಿಮಾನ, ಫಿಲ್ಟರ್ ಚೊಕ್ಕ. ಬಣ್ಣ ಮಾಸಿದೆ, ಸೀಟು ಹರಿದಿದೆ. ಹೊಲಿಯುವವರು ಯಾರಾದರೂ ಗೊತ್ತಾ ಅಂತ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದಾರೆ.