ಕಲ್ಲಿಗೆ ಕಟರ್ ಇಡುವ ಮೊದಲು ಒಲೆ ಮನೆಗೆ ಬರಲಿ

ಅಡುಗೆಮನೆಯನ್ನು ಹೊಸದು ಮಾಡಿಸುವವರು ಸಾಮಾನ್ಯವಾಗಿ ಮೊದಲು ಗ್ರಾನೈಟ್, ಆಮೇಲೆ ಕಪಾಟು, ಕೊನೆಗೆ ಒಲೆ ಕೊಳ್ಳುತ್ತಾರೆ. ಕಟ್ಟೆಯ ಮೇಲಿಡುವ ಒಲೆಗೆ ಇದರಿಂದ ತೊಂದರೆಯಿಲ್ಲ. ಆದರೆ ಕಲ್ಲು ಕೊರೆದು ಕೂರಿಸುವ ಹಾಬ್ ಹಾಕಿಸುವುದಾದರೆ ಮೊದಲು ಬರಬೇಕಾದದ್ದು ಒಲೆಯೇ. ಒಂದು ಕಂಪನಿಯ ನಾಲ್ಕು ಬರ್ನರ್ ಹಾಬ್‌ಗೆ ಕೊರೆದ ಕಿಂಡಿ ಇನ್ನೊಂದು ಕಂಪನಿಯ ನಾಲ್ಕು ಬರ್ನರ್ ಹಾಬ್‌ಗೆ ಕೂರುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅಳತೆ ಬೇರೆ ಇರುತ್ತದೆ. 60 ಸೆಂ.ಮೀ. ಅಗಲದ ಇಂಡಕ್ಷನ್ ಹಾಬ್‌ಗಳಿಗೆ 560 × 490 ಮಿ.ಮೀ. ಕಿಂಡಿ ಬಹುಮಟ್ಟಿಗೆ ರೂಢಿಯಲ್ಲಿದೆ, ಗ್ಯಾಸ್ ಹಾಬ್‌ಗಳಲ್ಲಿ ಅಂಥ ಏಕರೂಪತೆ ಇಲ್ಲ. ಅಂಗಡಿಯವರು ಬಾಯಲ್ಲಿ ಹೇಳಿದ ಅಳತೆಯನ್ನು ನಂಬಬೇಡಿ. ಪೆಟ್ಟಿಗೆಯೊಳಗಿನ ನಕ್ಷೆಯನ್ನೂ ಹಾಬನ್ನೂ ಮುಂದಿಟ್ಟುಕೊಂಡೇ ಕಲ್ಲಿನ ಮೇಲೆ ಗೆರೆ ಹಾಕಿಸಿ.

ಗೆರೆ ಹಾಕುವ ಮುಂಚೆ ಕಟ್ಟೆಯ ಆಳ ನೋಡಿ. 24 ಇಂಚಿನ ಕಟ್ಟೆಯೆಂದರೆ ಸುಮಾರು 610 ಮಿ.ಮೀ. ಅದರಲ್ಲಿ 490 ಕೊರೆದರೆ ಉಳಿಯುವುದು 120, ಅಂದರೆ ಹಿಂದೆ ಮುಂದೆ ತಲಾ 60 ಮಿ.ಮೀ. ಪಟ್ಟಿ. ಇದು ಸಾಕು. ಹಳೆಯ ಮನೆಯ 22 ಇಂಚಿನ ಕಟ್ಟೆಯಲ್ಲಿ ಅದೇ ಹಾಬ್ ಹಾಕಿದರೆ ತಲಾ 35 ಮಿ.ಮೀ. ಉಳಿಯುತ್ತದೆ. ಆ ಪಟ್ಟಿಯ ಮೇಲೆ ಯಾರಾದರೂ ಕೈಯೂರಿ ಭಾರ ಹಾಕಿದರೆ ಸಾಕು, ಕಲ್ಲು ಬಿರುಕು ಬಿಡುತ್ತದೆ. ಅಂಥ ಕಡೆ ಕಟ್ಟೆಯ ಮೇಲಿನ ಒಲೆಯೇ ಸರಿ. ಅದನ್ನು ಹಳೆಯ ಕಾಲದ್ದೆಂದು ಕಡೆಗಣಿಸಬೇಕಾಗಿಲ್ಲ.

ನಮ್ಮ ಕಡೆಯ ಕಟ್ಟೆಗಳಲ್ಲಿ ಇನ್ನೊಂದು ತೊಡಕಿದೆ. ಮೇಲೆ ಕಾಣುವ ಗ್ರಾನೈಟ್ 18–20 ಮಿ.ಮೀ. ಅಷ್ಟೇ. ಅದರ ಕೆಳಗೆ ಸಿಮೆಂಟಿನ ಹಾಸು, ಅದಕ್ಕೂ ಕೆಳಗೆ ಕಡಪ ಕಲ್ಲಿನ ಚಪ್ಪಡಿ. ಮೂರೂ ಸೇರಿದರೆ ಎರಡು ಇಂಚು ದಾಟುವುದುಂಟು. ಹಾಬಿನ ಹಿಡಿಕ್ಲಿಪ್ಪುಗಳು ಅಷ್ಟು ದಪ್ಪಕ್ಕೆ ಎಟುಕುವುದಿಲ್ಲ. ಗ್ಯಾಸ್ ಒಳಬರುವ ಮೊಣಕೈ ಕೊಳವೆ ಕಡಪಕ್ಕೆ ತಾಗಿ ಹಾಬ್ ಒಂದು ಬದಿ ಎದ್ದು ನಿಲ್ಲುತ್ತದೆ. ಇದಕ್ಕೆ ಪರಿಹಾರವೆಂದರೆ ಗ್ರಾನೈಟನ್ನು ನಕ್ಷೆಯ ಅಳತೆಗೇ ಕೊಯ್ದು, ಕೆಳಗಿನ ಕಡಪವನ್ನು ಕೊಳವೆ ಮತ್ತು ಕ್ಲಿಪ್ಪು ಬರುವ ಬದಿಗಳಲ್ಲಿ 2–3 ಸೆಂ.ಮೀ. ಹೆಚ್ಚು ತೆಗೆಯುವುದು. ಕಟ್ಟೆಯನ್ನು ಹೊತ್ತ ಕಡಪದ ನಿಲುವುಗಲ್ಲು ಕಿಂಡಿಯ ಕೆಳಗೇ ಬಂದರೆ ಅದನ್ನು ಒಡೆಯಬೇಡಿ, ಹಾಬನ್ನೇ ಪಕ್ಕಕ್ಕೆ ಸರಿಸಿ. ನಿಲುವುಗಲ್ಲು ತೆಗೆಯಲೇಬೇಕಾದರೆ ಕಿಂಡಿಯ ಎರಡೂ ಬದಿಗೆ ಕಬ್ಬಿಣದ ಚೌಕಟ್ಟಿನ ಆಧಾರ ಕೊಟ್ಟ ಮೇಲೆಯೇ ತೆಗೆಯಬೇಕು.

ಕೊಯ್ಯುವಾಗ ಆಗುವ ತಪ್ಪೆಲ್ಲ ಮೂಲೆಯಲ್ಲೇ. ಕಟರ್ ಬ್ಲೇಡ್ ದುಂಡಗಿರುವುದರಿಂದ ಮೂಲೆಯನ್ನು ಪೂರ್ತಿ ಬಿಡಿಸಲು ಕೆಲಸದವರು ಗೆರೆ ದಾಟಿಸಿ ಅರ್ಧ ಇಂಚು ಮುಂದಕ್ಕೆ ಕೊಯ್ಯುತ್ತಾರೆ. ಹಾಬ್ ಕೂತ ಮೇಲೆ ಆ ಗೀರು ಮುಚ್ಚಿಹೋಗುತ್ತದೆ, ಆದರೆ ಬಿಸಿ ಏರಿ ಇಳಿದ ಹಾಗೆ ಬಿರುಕು ಹುಟ್ಟುವುದು ಅಲ್ಲಿಂದಲೇ. ನಾಲ್ಕು ಮೂಲೆಗೂ ಮೊದಲು ಕೋರ್ ಬಿಟ್‌ನಿಂದ ದುಂಡು ತೂತು ಹಾಕಿಸಿ, ತೂತಿನಿಂದ ತೂತಿಗೆ ನೇರ ಕೊಯ್ಯಿಸಿ. ನೀರು ಹನಿಸುತ್ತಲೇ ಕೊಯ್ಯಬೇಕು. ಒಣಗಲ್ಲು ಕೊಯ್ದರೆ ಏಳುವ ಪುಡಿ ಮನೆ ತುಂಬುವುದಷ್ಟೇ ಅಲ್ಲ, ಕೊಯ್ಯುವವರ ಶ್ವಾಸಕೋಶಕ್ಕೂ ಹಾನಿ. ಅವರಿಗೆ ಒಳ್ಳೆಯ ಮಾಸ್ಕ್ ಕೊಡುವುದು ಮನೆಯವರ ಹೊಣೆ ಎಂದೇ ತಿಳಿಯಿರಿ.

ಕೂರಿಸುವಾಗ ಹಾಬಿನ ಮೇಲಿನ ಗಾಜಿನ ಅಂಚಿನ ಕೆಳಗೆ ಕಂಪನಿ ಕೊಟ್ಟ ಫೋಮ್ ಪಟ್ಟಿಯನ್ನೇ ಅಂಟಿಸಿ. ಅದರ ಬದಲು ಸಿಲಿಕಾನ್ ಸುರಿದು ಅಂಟಿಸಿಬಿಟ್ಟರೆ ಮುಂದೆ ರಿಪೇರಿಗೆ ಎತ್ತುವಾಗ ಗಾಜು ಒಡೆಯುತ್ತದೆ.

ಕಲ್ಲಿಗಿಂತ ಹೆಚ್ಚು ಗಮನ ಬೇಡುವುದು ಕೆಳಗಿನ ಕಪಾಟು. ಅನೇಕ ಹಾಬ್‌ಗಳ ಬರ್ನರ್‌ಗಳು ಗ್ಯಾಸಿನೊಡನೆ ಬೆರೆಯುವ ಗಾಳಿಯನ್ನು ಕಪಾಟಿನೊಳಗಿಂದಲೇ ಎಳೆದುಕೊಳ್ಳುತ್ತವೆ. ಬಡಗಿ ಬಾಗಿಲುಗಳನ್ನು ಬಿಗಿಯಾಗಿ ಕೂರಿಸಿ, ಹಿಂಬದಿಗೂ ಪ್ಲೈವುಡ್ ಹೊಡೆದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ. ಕಪಾಟಿನ ಬಾಗಿಲು ಧಡಕ್ಕನೆ ಹಾಕಿದಾಗ ಸಿಮ್‌ನಲ್ಲಿಟ್ಟ ಉರಿ ಆರಿಹೋದರೆ ಕಾರಣ ಇದೇ. ಬರ್ನರ್ ದೋಷವೆಂದು ಅದನ್ನು ಬದಲಿಸುವುದರಿಂದ ಏನೂ ಆಗುವುದಿಲ್ಲ. ಬಾಗಿಲಿಗೆ ಜಾಲರಿ ಹಾಕಿಸಿ, ಹಿಂಬದಿ ತೆರೆದೇ ಇರಲಿ.

ಜಾಲರಿಗೆ ಇನ್ನೊಂದು ಕೆಲಸವೂ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕಪಾಟಿನ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಕಪಾಟಿಗೆ ನೆಲಮಟ್ಟದಲ್ಲೇ ಗಾಳಿಕಿಂಡಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದಕ್ಕೆ ಕಿಂಡಿ ಮೇಲುಗಡೆ ಇರಬೇಕು. ಮುಂದೊಂದು ದಿನ ಕೊಳವೆ ಗ್ಯಾಸ್ ಬರಬಹುದೆನ್ನುವ ಬಡಾವಣೆಯಲ್ಲಿ ಎರಡೂ ಕಡೆ ಮಾಡಿಸಿಬಿಡಿ.

ಗ್ಯಾಸ್ ಪೈಪಿನ ವಿಷಯದಲ್ಲಿ ರಾಜಿ ಬೇಡ. ಒಳಗೆ ತಂತಿ ಹೆಣಿಗೆಯಿರುವ, ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಮಾತ್ರ ಬಳಸಿ. ಅದರ ಆಯಸ್ಸು 5 ವರ್ಷ, ದಿನಾಂಕ ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರ್ ಮೀರಬಾರದು, ನಡುವೆ ಜೋಡಣೆ ಇರಬಾರದು, ಗೋಡೆಯೊಳಗೆ ಹಾಯಿಸಲೇಬಾರದು. ಸಿಲಿಂಡರನ್ನು ಯುಟಿಲಿಟಿಗೆ ಸಾಗಿಸುವ ಆಸೆಯಿದ್ದರೆ ಗೋಡೆ ದಾಟಲು ತಾಮ್ರದ ಕೊಳವೆ ಹಾಕಿಸಿ. ಎರಡು ತುದಿಗೂ ಕೈಗೆ ಸಿಗುವಂತೆ ವಾಲ್ವ್ ಇರಲಿ, ಈ ಕೆಲಸ ಗ್ಯಾಸ್ ಏಜೆನ್ಸಿ ಒಪ್ಪುವ ತಂತ್ರಜ್ಞರಿಂದಲೇ ಆಗಲಿ.

ಬೆಂಗಳೂರಿನಲ್ಲಿ ಗೇಲ್ ಗ್ಯಾಸ್‌ನ ಕೊಳವೆ ಬಂದ ಮನೆಗಳಲ್ಲಿ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ, ಬದಲಿಸಬೇಕು. ಎಲ್‌ಪಿಜಿ ರೆಗ್ಯುಲೇಟರ್ ದಾಟಿ ಬರುವಾಗ ಒತ್ತಡ ಸುಮಾರು 30 ಮಿಲಿಬಾರ್, ಕೊಳವೆ ಗ್ಯಾಸಿನದು ಸುಮಾರು 21. ಅಷ್ಟೇ ಪರಿಮಾಣದ ಗ್ಯಾಸಿನಲ್ಲಿರುವ ಶಾಖವೂ ಕಡಿಮೆ. ಹಾಗಾಗಿ ಕೊಳವೆ ಗ್ಯಾಸಿನ ಜೆಟ್ಟಿನ ತೂತು ದೊಡ್ಡದು. ಎಲ್‌ಪಿಜಿ ಜೆಟ್ ಹಾಗೇ ಬಿಟ್ಟರೆ ಉರಿ ಸೊರಗುತ್ತದೆ. ಕೊಳವೆ ಗ್ಯಾಸಿನ ಜೆಟ್ಟಿಗೆ ಎಲ್‌ಪಿಜಿ ಕೊಟ್ಟರೆ ಉರಿ ಭುಗ್ಗೆಂದು ಮೇಲೇಳುತ್ತದೆ, ಅದು ಅಪಾಯ. ಜೆಟ್ಟಿನ ತೂತನ್ನು ಮೊಳೆಯಿಂದ ದೊಡ್ಡದು ಮಾಡಿಕೊಡುವವರನ್ನು ಮನೆಗೆ ಸೇರಿಸಬೇಡಿ.

ಕೊಳ್ಳುವಾಗ ನಿಮ್ಮ ಮನೆಯ ಅಡುಗೆ ನೆನಪಿರಲಿ. ರಾಗಿ ಮುದ್ದೆ ತಿರುವುವ ಮನೆಯಲ್ಲಿ ಕೋಲಿನ ಬಲವೆಲ್ಲ ಪಾತ್ರೆಯನ್ನು ಅಡ್ಡಕ್ಕೆ ನೂಕುತ್ತದೆ. ತೆಳು ತಂತಿಯ ಸ್ಟ್ಯಾಂಡ್ ಜಾರಿ ಗಾಜನ್ನು ಗೀರುತ್ತದೆ. ಭಾರದ ಬೀಡು ಕಬ್ಬಿಣದ ಸ್ಟ್ಯಾಂಡ್ ಇರುವುದನ್ನೇ ಆರಿಸಿ, ತಿರುವುವ ಹೊತ್ತಿಗೆ ಪಾತ್ರೆಯನ್ನು ಕೆಳಗಿಳಿಸಿಕೊಳ್ಳಿ. ದೊಡ್ಡ ದೋಸೆ ಕಾವಲಿ, ಹೋಳಿಗೆ ಹೆಂಚು ಬಿಸಿಯನ್ನು ಕೆಳಕ್ಕೆ ತಿರುಗಿಸಿ ಗಾಜಿಗೂ ಗುಂಡಿಗಳಿಗೂ ಕಳಿಸುತ್ತವೆ. ಗಟ್ಟಿಗೊಳಿಸಿದ ಗಾಜು ಮೇಲಿನ ಭಾರ ತಡೆದೀತು, ಅಂಚಿಗೆ ಬಿದ್ದ ಪೆಟ್ಟು ತಡೆಯದು. ಹಾಗಾಗಿ ಕಾವಲಿಯನ್ನು ಸದಾ ದೊಡ್ಡ ಬರ್ನರ್ ಮೇಲೆ, ಗುಂಡಿಗಳಿಂದ ದೂರ ಇಡಿ. ದಿನಾ ದೋಸೆ ಹುಯ್ಯುವವರಿಗೆ ಸ್ಟೀಲ್ ಮೇಲ್ಮೈಯ ಹಾಬ್ ಹೆಚ್ಚು ನೆಮ್ಮದಿ.

ಚಿಮಣಿ ಗ್ಯಾಸ್ ಹಾಬಿನಿಂದ 65–75 ಸೆಂ.ಮೀ. ಮೇಲಿರಲಿ.

ವಿದ್ಯುತ್ ಒಲೆ, ಗೋಡೆ ಓವನ್ ಬೇಕೆನ್ನುವವರು ಟೈಲ್ಸ್ ಅಂಟಿಸುವ ಮೊದಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. 3 ಕಿಲೋವ್ಯಾಟ್ ಓವನ್ 230 ವೋಲ್ಟ್‌ನಲ್ಲಿ 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ಎಂಸಿಬಿಯಿಂದ (ಹೆಚ್ಚು ಕರೆಂಟ್ ಹರಿದರೆ ತಾನೇ ಕಡಿಯುವ ಸ್ವಿಚ್) 4 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ ಬೇಕು. ಸಾಕೆಟ್ ಓವನ್ನಿನ ಬೆನ್ನಿಗೆ ಬರಬಾರದು. ಬಂದರೆ ಪ್ಲಗ್ಗಿನ ದಪ್ಪದಷ್ಟು ಓವನ್ ಮುಂದಕ್ಕೆ ಚಾಚಿಕೊಳ್ಳುತ್ತದೆ, ಪಕ್ಕದ ಕಪಾಟಿನಲ್ಲಿ ಕೊಡಿಸಿ. ನಾಲ್ಕು ವಲಯದ 7.2 ಕಿಲೋವ್ಯಾಟ್ ಇಂಡಕ್ಷನ್ ಹಾಬ್ 31 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಕನಿಷ್ಠ 6 ಚದರ ಮಿ.ಮೀ. ತಂತಿ ಬೇಕು, ಸಾಕೆಟ್ ಇಲ್ಲದೆ ನೇರ ಜೋಡಣೆ. ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲೇ ಇರುತ್ತದೆ. ಅದು 3 ಕಿಲೋವ್ಯಾಟ್ ಇದ್ದರೆ ಮೊದಲು ಕರೆಂಟ್ ಒದಗಿಸುವ ಎಸ್ಕಾಂ ಕಚೇರಿಗೆ ಅರ್ಜಿ ಹಾಕಿ, ಆಮೇಲೆ ಹಾಬ್ ನೋಡಲು ಹೋಗಿ.

ಕೂರಿಸಿದ ದಿನ ತಂತ್ರಜ್ಞರು ಹೊರಡುವ ಮುಂಚೆ ನಿಮ್ಮ ಕಣ್ಣೆದುರೇ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಏಳಬಾರದು. ಕಡ್ಡಿ ಗೀರಿ ಸೋರಿಕೆ ನೋಡುವವರನ್ನು ಅಲ್ಲೇ ತಡೆಯಿರಿ. ಎಲ್ಲ ಬರ್ನರ್ ಒಟ್ಟಿಗೆ ಹಚ್ಚಿ, ಚಿಮಣಿಯನ್ನು ಪೂರ್ತಿ ವೇಗದಲ್ಲಿ ಓಡಿಸಿ, ಕಪಾಟಿನ ಬಾಗಿಲು ಹಾಕಿ ತೆಗೆದು, ಸಿಮ್‌ನಲ್ಲೂ ಉರಿ ನೀಲಿಯಾಗಿ ನಿಲ್ಲುತ್ತದೆಯೇ ನೋಡಿ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಏರ್ಪಾಟಿರುವ ಹಾಬ್‌ನಲ್ಲಿ ಹಚ್ಚಿದ ಮೇಲೆ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು, ಉರಿಯ ಪಕ್ಕದಲ್ಲಿರುವ ಸಣ್ಣ ಲೋಹದ ಕಡ್ಡಿ ಬಿಸಿಯಾದರೆ ಮಾತ್ರ ವಾಲ್ವ್ ತೆರೆದಿರುತ್ತದೆ. ತಿಂಗಳುಗಳ ನಂತರ ಕೈಬಿಟ್ಟೊಡನೆ ಉರಿ ಆರಲು ತೊಡಗಿದರೆ, ಮೊದಲು ಆ ಕಡ್ಡಿಯ ತುದಿಗೆ ಉಕ್ಕಿದ ಹಾಲು ಹತ್ತಿ ಕರಕಲಾಗಿದೆಯೇ ನೋಡಿ ಒರೆಸಿ.