ಇಮೇಜಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕಾ? ಬೋರ್ಡ್ ನೋಡಿ ಹುಡುಕಬೇಡಿ

ಕಾಸರಗೋಡು, ಬದಿಯಡ್ಕ, ಮಂಜೇಶ್ವರ ಕಡೆಯ ಎಂಎಸ್ಸಿ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಸರ್, ಇಮೇಜಿಂಗ್‌ನಲ್ಲಿ ಪಿಎಚ್‌ಡಿ ಯಾವ ಡಿಪಾರ್ಟ್‌ಮೆಂಟ್‌ನಲ್ಲಿ ಸಿಗುತ್ತದೆ?" ಇಮೇಜಿಂಗ್ ಅಂದರೆ ಕಣ್ಣಿಗೆ ಕಾಣದ್ದನ್ನು ಮೈಕ್ರೋಸ್ಕೋಪ್, ಸ್ಕ್ಯಾನ್‌ಗಳಿಂದ ಚಿತ್ರವಾಗಿ ತೆಗೆದು ಅಳೆಯುವ ವಿದ್ಯೆ. ಆ ಹೆಸರಿನ ಡಿಪಾರ್ಟ್‌ಮೆಂಟ್ ಸಿಗುವುದು ಕಡಿಮೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಇದು ಇನ್‌ಸ್ಟ್ರುಮೆಂಟೇಶನ್ ಆಂಡ್ ಅಪ್ಲೈಡ್ ಫಿಸಿಕ್ಸ್ ವಿಭಾಗದಲ್ಲಿದೆ, ಅಲ್ಲಿಯದೇ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಜೀವಕೋಶದ ಲ್ಯಾಬ್‌ಗಳ ಒಳಗಿದೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಆಸ್ಪತ್ರೆಯ ಸ್ಕ್ಯಾನ್‌ಗಳ ಜೊತೆಗಿದೆ. ಎಂಆರ್‌ಐಗೆ 2003ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಪಡೆದ ಲಾಟರ್‌ಬರ್ ರಸಾಯನಶಾಸ್ತ್ರದವರು, ಮ್ಯಾನ್ಸ್‌ಫೀಲ್ಡ್ ಭೌತಶಾಸ್ತ್ರದವರು. ಹಾಗಾಗಿ ನಿಮ್ಮ ಡಿಗ್ರಿಯ ಹೆಸರಿಗೆ ಹೆದರಬೇಡಿ.

ಮೊದಲು ಪ್ರಶ್ನೆ ಹಿಡಿಯಿರಿ. ನಮ್ಮ ತೋಟದಲ್ಲೇ ಇದೆಯಲ್ಲ, ಅಡಿಕೆಯ ಹಳದಿ ಎಲೆ ರೋಗ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ. ಕೋಶಕ್ಕೆ ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ ಅದು, ಮರದ ಆಹಾರ ಸಾಗುವ ನಾಳಗಳೊಳಗೆ ಇರುತ್ತದೆ, ಲ್ಯಾಬ್‌ನಲ್ಲಿ ಬೆಳೆಸುವುದು ಬಹಳ ಕಷ್ಟ, ಕಾಲೇಜಿನ ಮೈಕ್ರೋಸ್ಕೋಪ್‌ಗೆ ಸಿಕ್ಕುವುದೂ ಇಲ್ಲ. ಇಂಥ ರೋಗಾಣುವನ್ನು 1967ರಲ್ಲಿ ಜಪಾನಿನವರು ಹಿಪ್ಪುನೇರಳೆಯಲ್ಲಿ ಮೊದಲು ಕಂಡದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಿಂದ. ಎಲೆ ಹಳದಿಯಾಗುವ ಮೊದಲೇ ರೋಗವನ್ನು ಕಾಣಬಹುದಾ? ಇದು ಒಳ್ಳೆಯ ಪಿಎಚ್‌ಡಿ ಪ್ರಶ್ನೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಎರಡೂ ಹತ್ತಿರದಲ್ಲೇ ಇವೆ, ಹೋಗಿ ಮಾತಾಡಿ.

ದುಡ್ಡಿನ ವಿಷಯ. ಸಿಎಸ್‌ಐಆರ್-ಯುಜಿಸಿ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಜರ್ಮನಿಯಲ್ಲಿ ಪಿಎಚ್‌ಡಿ ಎಷ್ಟೋ ಕಡೆ ಸಂಬಳದ ಕೆಲಸವೇ, ಜಾಹೀರಾತು ನೋಡಿ ಅರ್ಜಿ ಹಾಕುವುದು. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳಲ್ಲಿ, ಅಂದರೆ ಹಲವು ಸಂಸ್ಥೆಗಳು ಸೇರಿ ಪಿಎಚ್‌ಡಿ ಮಾಡಿಸುವ ಯೋಜನೆಗಳಲ್ಲಿ, ಒಂದು ನಿಯಮ ಇದೆ: ಸೇರುವುದಕ್ಕೆ ಹಿಂದಿನ 36 ತಿಂಗಳಲ್ಲಿ ಆ ಲ್ಯಾಬ್ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಲ್ಲೇ ಇರುವವರಿಗೆ ಅದು ಅಡ್ಡಿಯೇ ಅಲ್ಲ.

ಗೈಡ್‌ಗೆ ಸುಮ್ನೆ "ನನಗೆ ಇಮೇಜಿಂಗ್‌ನಲ್ಲಿ ತುಂಬಾ ಆಸಕ್ತಿ" ಎಂದು ಬರೆದರೆ ಏನೂ ಆಗುವುದಿಲ್ಲ, ಅಂಥ ಮೇಲ್ ಎಲ್ಲರೂ ಬರೆಯುತ್ತಾರೆ. ಚಿತ್ರಗಳನ್ನು ಅಳೆಯುವ ಫಿಜಿ ಎಂಬ ಉಚಿತ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಹಳೆಯ ಲ್ಯಾಪ್‌ಟಾಪ್ ಸಾಕು. ಈರುಳ್ಳಿ ಸಿಪ್ಪೆಗೆ ಬಣ್ಣ ಹಾಕಿ ತೆಗೆದ ಫೋಟೋದಲ್ಲಿ ಕೋಶಕೇಂದ್ರಗಳನ್ನು ಎಣಿಸಿ ನೋಡಿ. ಒಂದಕ್ಕೊಂದು ತಾಗಿದ ಎರಡನ್ನು ಅದು ಒಂದು ಅಂತ ಎಣಿಸುತ್ತದೆ, ಚಿತ್ರದಲ್ಲಿ ಎಷ್ಟು ಬೆಳಕಿನ ಜಾಗವನ್ನು ಕೋಶಕೇಂದ್ರ ಅಂತ ಹಿಡಿಯಬೇಕು ಎಂಬ ಮಿತಿಯನ್ನು ಸ್ವಲ್ಪ ಬದಲಿಸಿದರೆ ಲೆಕ್ಕವೇ ಬದಲಾಗುತ್ತದೆ. ಯಾವ ಮಿತಿ ಇಟ್ಟಿರಿ, ಯಾಕೆ ಇಟ್ಟಿರಿ ಎಂದು ಎರಡು ಸಾಲು ಬರೆದು ಚಿತ್ರದ ಜೊತೆ ಕಳಿಸಿ. ಚಿತ್ರದಲ್ಲಿ ಅಳತೆ ತೋರಿಸುವ ಗೆರೆ, ಸ್ಕೇಲ್ ಬಾರ್, ಮರೆಯಬೇಡಿ, ಮೂಲ ಚಿತ್ರವನ್ನು ಜೆಪೆಗ್ ಮಾಡಬೇಡಿ. ಕುಗ್ಗಿಸುವಾಗ ಕಳೆದುಹೋದ ಮಾಹಿತಿ ವಾಪಸ್ ಬರುವುದಿಲ್ಲ. ಲ್ಯಾಬ್ ನಡೆಸುವವರ ಕಣ್ಣು ಮಾರ್ಕ್ಸ್‌ಕಾರ್ಡಿಗಿಂತ ಮೊದಲು ಆ ಚಿತ್ರ, ಆ ಎರಡು ಸಾಲಿನ ಕಡೆಗೇ ಹೋಗುತ್ತದೆ.

ಸಂದರ್ಶನದಲ್ಲಿ ನೀವೂ ಕೇಳಿ, ಸಂಕೋಚ ಬೇಡ. ಮೈಕ್ರೋಸ್ಕೋಪ್ ವಾರಕ್ಕೆ ಎಷ್ಟು ಗಂಟೆ ನನ್ನ ಕೈಗೆ ಸಿಗುತ್ತದೆ? ಅದರ ಲೇಸರ್ ಕೆಟ್ಟರೆ ರಿಪೇರಿಗೆ ದುಡ್ಡು ಇದೆಯಾ? ಈಗ ಅಲ್ಲಿರುವ ವಿದ್ಯಾರ್ಥಿಗಳ ಜೊತೆ ಗೈಡ್ ಇಲ್ಲದಾಗ ಮಾತಾಡಬಹುದಾ?