ಹಳೇ ಆಕ್ಟೇವಿಯಾ ಆರ್‌ಎಸ್ ಕೊಳ್ಳುವ ಮುಂಚೆ ರಬ್ಬರ್ ನೋಡಿ

2004ರಲ್ಲಿ ಸ್ಕೋಡಾ ಆಕ್ಟೇವಿಯಾ ಕಾರಿನ ಸ್ಪೋರ್ಟ್ಸ್ ಮಾದರಿಯಾದ ಆರ್‌ಎಸ್ ನಮ್ಮ ದೇಶಕ್ಕೆ ಬಂದಾಗ ಟರ್ಬೋ ಅಂದರೆ ಡೀಸೆಲ್ ಗಾಡಿ ಅಂತಲೇ ಜನ ತಿಳಿದಿದ್ದರು. ಇದು ಪೆಟ್ರೋಲ್ ಟರ್ಬೋ, ಅಂದರೆ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೋ ಇರುವ ಪೆಟ್ರೋಲ್ ಗಾಡಿ. 1.8 ಲೀಟರ್ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್, 150 ಎಚ್‌ಪಿ. ನೈಸ್ ರೋಡಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿದರೆ ಆ ಪಿಕಪ್ ಇವತ್ತಿಗೂ ಖುಷಿ ಕೊಡುತ್ತದೆ. ಅದಕ್ಕೇ ಬೆಂಗಳೂರಿನಲ್ಲಿ ಈ ಗಾಡಿ ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ. ಕೊಳ್ಳುವ ಮುಂಚೆ ನಮ್ಮ ಗ್ಯಾರೇಜಿಗೆ ಬಂದು ಕೇಳುವುದು ಒಂದೇ ಮಾತು: ‘ಸಾರ್, ತಗೋಬಹುದಾ? ಮೇಂಟೆನೆನ್ಸ್ ಜಾಸ್ತಿ ಅಂತಾರಲ್ಲ?’

ತಗೋಬಹುದು. ಆದರೆ ಗಾಡಿಗೆ ಕೊಡುವ ದುಡ್ಡಿನ ಜೊತೆ ಒಂದೂವರೆ ಲಕ್ಷ ಬೇರೆ ಎತ್ತಿಟ್ಟುಕೊಳ್ಳಿ. ಮೊದಲ ವರ್ಷದಲ್ಲೇ ಅದು ಬೇಕಾಗುತ್ತದೆ. ಈ ಎಂಜಿನ್ ಗಟ್ಟಿ. ಅದನ್ನು ಹಾಳು ಮಾಡುವುದು ಸುತ್ತ ಇರುವ ಸಣ್ಣ ರಬ್ಬರ್, ಪ್ಲಾಸ್ಟಿಕ್ ಸಾಮಾನುಗಳು. ಅವನ್ನು ಸಮಯಕ್ಕೆ ಬದಲಾಯಿಸಿದವರಿಗೆ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಬಿಟ್ಟವರಿಗೆ ಲಕ್ಷದಲ್ಲಿ ಬರುತ್ತದೆ. (ಇಲ್ಲಿ ಹೇಳುವ ದರ ಎಲ್ಲಾ ಹೊರಗಿನ ಗ್ಯಾರೇಜಿನ ಅಂದಾಜು. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.)

ಜಾಸ್ತಿ ಬರುವ ದೂರು ಇದು: ಐಡ್ಲಿಂಗ್ ಏರುಪೇರು, ಪಿಕಪ್ ಇಲ್ಲ, ಚೆಕ್ ಎಂಜಿನ್ ಲೈಟ್ ಉರಿಯುತ್ತಿದೆ. ಸ್ಕ್ಯಾನ್ ಮಾಡಿದರೆ ಮಿಶ್ರಣ ಲೀನ್ ಅಂತ ತೋರಿಸುತ್ತದೆ. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇದನ್ನು ನೋಡಿದ ಕೂಡಲೇ ಗಾಳಿ ಅಳೆಯುವ ಸೆನ್ಸರ್ ಬದಲಾಯಿಸುತ್ತಾರೆ, ಆಮೇಲೆ ಆಕ್ಸಿಜನ್ ಸೆನ್ಸರ್. ಇಪ್ಪತ್ತು ಸಾವಿರ ಹೋಯಿತು, ಲೈಟ್ ಮಾತ್ರ ಹಾಗೇ ಇದೆ. ಸ್ಕ್ಯಾನರ್ ಹೇಳುವುದು ಲಕ್ಷಣ ಮಾತ್ರ, ಕಾರಣ ನಾವು ಹುಡುಕಬೇಕು.

ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಪೈಪುಗಳು) ಕೆಳಗೆ ಕಣ್ಣಿಗೆ ಕಾಣದ ಜಾಗದಲ್ಲಿ ಬ್ರೆದರ್ ಹೋಸುಗಳ ಒಂದು ಗುಂಪೇ ಇದೆ. ಎಂಜಿನ್ನಿನ ಎಣ್ಣೆ ಹೊಗೆ ಇವುಗಳ ಮೂಲಕ ವಾಪಸ್ ಒಳಗೆ ಹೋಗುತ್ತದೆ. ಇಪ್ಪತ್ತು ವರ್ಷದ ಬಿಸಿ ಮತ್ತು ಎಣ್ಣೆಗೆ ಆ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ. ಬೆರಳಲ್ಲಿ ಚಿವುಟಿದರೆ ಕಪ್ಪು ಚೂರು ಕೈಗೆ ಬರುತ್ತದೆ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಇದನ್ನು ಹಿಡಿಯಲು ಸ್ಮೋಕ್ ಟೆಸ್ಟ್ ಮಾಡಬೇಕು: ಇನ್‌ಟೇಕ್ ಒಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಗೆ ಬರುತ್ತದೆ ಅಂತ ನೋಡುವುದು. ಎರಡು ಸಾವಿರ ರೂಪಾಯಿಯ ಕೆಲಸ. ಹೋಸ್ ಸೆಟ್ ಪೂರ್ತಿ ಬದಲಾಯಿಸಿದರೆ ಲೇಬರ್ ಸೇರಿ ಹನ್ನೆರಡರಿಂದ ಹದಿನೆಂಟು ಸಾವಿರ. ಹರಿದ ಒಂದನ್ನೇ ಹಾಕಿಸಬೇಡಿ. ಪಕ್ಕದ್ದೂ ಅಷ್ಟೇ ವರ್ಷದ್ದು, ಸ್ವಲ್ಪ ದಿನದಲ್ಲಿ ಅದೂ ಹೋಗುತ್ತದೆ.

ಹಾಗೇ ಡೈವರ್ಟರ್ ವಾಲ್ವ್ ಕೂಡ ಬಿಚ್ಚಿ ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಟರ್ಬೋದ ಒತ್ತಡ ಇಳಿಸುವುದು ಇದೇ. ಒಳಗಿನ ಪಿಸ್ಟನ್ನನ್ನು ಬೆರಳಲ್ಲಿ ಮೇಲೆ ಒತ್ತಿ, ಚಿಕ್ಕ ನಳಿಗೆಯನ್ನು ಇನ್ನೊಂದು ಬೆರಳಲ್ಲಿ ಮುಚ್ಚಿ, ಪಿಸ್ಟನ್ ಬಿಡಿ. ಅಲ್ಲೇ ನಿಂತರೆ ಸರಿ ಇದೆ. ಪಟ್ ಅಂತ ವಾಪಸ್ ಬಂದರೆ ಒಳಗಿನ ಪೊರೆ ಹರಿದಿದೆ ಅಂತ ಅರ್ಥ. ಆಗ ಬೂಸ್ಟ್, ಅಂದರೆ ಟರ್ಬೋ ತುಂಬಿದ ಗಾಳಿಯ ಒತ್ತಡ, ಸೋರುತ್ತದೆ, ಟರ್ಬೋ ಸುಮ್ನೆ ಜಾಸ್ತಿ ತಿರುಗಿ ಸವೆಯುತ್ತದೆ. ಹೊಸ ವಾಲ್ವ್ ನಾಲ್ಕೈದು ಸಾವಿರ. ಅದೇ ಟರ್ಬೋದ ಒಳಗಿನ ಕೋರ್ ಬದಲಾಯಿಸಲು ಮೂವತ್ತೈದು ಸಾವಿರದ ಮೇಲೆ.

ಟರ್ಬೋ ಹೋಗಲು ಇನ್ನೊಂದು ಕಾರಣ ಎಣ್ಣೆ. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತದೆ. ಸಿಲ್ಕ್ ಬೋರ್ಡ್ ದಾಟಲು ಮುಕ್ಕಾಲು ಗಂಟೆ ನಿಂತ ಎಂಜಿನ್ ಮುಕ್ಕಾಲು ಗಂಟೆ ಓಡಿದೆ, ಮೀಟರಿನಲ್ಲಿ ಮಾತ್ರ ಎರಡೇ ಕಿಲೋಮೀಟರ್. ಎಣ್ಣೆ ಸುಟ್ಟು ಡಾಂಬರಿನಂತಾಗಿ ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿಯಲ್ಲಿ (ಸಂಪ್) ಎಣ್ಣೆ ಎಳೆಯುವ ಪೈಪಿನ ಜಾಲರಿಯನ್ನು ಕಟ್ಟುತ್ತದೆ. ಆಮೇಲೆ ಮೊದಲು ಒಣಗುವುದು ಟರ್ಬೋದ ಬೇರಿಂಗ್. ಎಣ್ಣೆ ಫುಲ್ ಸಿಂಥೆಟಿಕ್ 5ಡಬ್ಲ್ಯೂ-40 ಗ್ರೇಡಿನದು ಆಗಿರಬೇಕು, ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್ ಕಂಪನಿಯ ಮಾನ್ಯತೆ 502.00 ಅಂತ ಇರಬೇಕು. ಆರು ತಿಂಗಳಿಗೊಮ್ಮೆ ಅಥವಾ 7,500 ಕಿಲೋಮೀಟರಿಗೆ, ಯಾವುದು ಮೊದಲೋ ಅದಕ್ಕೆ ಬದಲಾಯಿಸಿ. ಹಿಸ್ಟರಿ ಗೊತ್ತಿಲ್ಲದ ಗಾಡಿ ಕೊಂಡರೆ ಸಂಪ್ ಬಿಚ್ಚಿಸಿ ಜಾಲರಿ ತೊಳೆಸಲೇಬೇಕು. ಐದಾರು ಸಾವಿರ ಅಷ್ಟೇ.

ಪಿಸ್ಟನ್ ಮತ್ತು ವಾಲ್ವುಗಳ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬೆಲ್ಟ್ ಕಿತ್ತರೆ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಇಪ್ಪತ್ತು ವಾಲ್ವಿನ ಹೆಡ್ ಇಳಿಸಿ ಲೇತಿಗೆ ಕಳಿಸಿ ಮತ್ತೆ ಕೂರಿಸುವಾಗ ಬಿಲ್ಲು ಲಕ್ಷ ದಾಟುತ್ತದೆ. 60,000 ಕಿಲೋಮೀಟರ್ ಅಥವಾ ಐದು ವರ್ಷಕ್ಕೆ ಬೆಲ್ಟ್, ಟೆನ್ಷನರ್, ರೋಲರ್, ವಾಟರ್ ಪಂಪ್ ಎಲ್ಲಾ ಒಟ್ಟಿಗೆ ಹಾಕಿಸಿ. ಇಪ್ಪತ್ತೈದು ಸಾವಿರದ ಒಳಗೆ ಆಗುತ್ತದೆ. ಬಿಚ್ಚಿದ ಪಂಪಿನ ರೆಕ್ಕೆ ಪ್ಲಾಸ್ಟಿಕ್ ಆಗಿದ್ದರೆ ಲೋಹದ ರೆಕ್ಕೆ ಇರುವುದನ್ನೇ ತರಿಸಿ. ವಾಲ್ವ್ ತೆರೆಯುವ ಎರಡು ಕ್ಯಾಮ್‌ಗಳ ನಡುವೆ ಒಂದು ಪುಟ್ಟ ಚೈನೂ ಇದೆ, ಅದನ್ನು ಕೇಳುವವರೇ ಇಲ್ಲ. ಅದರ ಟೆನ್ಷನರಿನ ಪ್ಲಾಸ್ಟಿಕ್ ಪ್ಯಾಡ್ ಸವೆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಶಬ್ದ ಬರುತ್ತದೆ.

ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಈ ಎಂಜಿನ್ನಿನ ಹಳೇ ಕಾಯಿಲೆ. ಸಿಲಿಂಡರಿಗೊಂದು, ಒಟ್ಟು ನಾಲ್ಕು. ಒಂದು ಹೋದರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ದಯವಿಟ್ಟು ಗಾಡಿ ಪಕ್ಕಕ್ಕೆ ಹಾಕಿ. ಸುಡದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ತಿನ್ನುತ್ತದೆ. ಕಾಯಿಲ್ ಒಂದಕ್ಕೆ ಎರಡೂವರೆಯಿಂದ ಮೂರೂವರೆ ಸಾವಿರ. ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ, ಬದಲಾಯಿಸುವುದು ಹತ್ತು ನಿಮಿಷದ ಕೆಲಸ.

ಉಳಿದದ್ದು ಯಾವ ಹಳೇ ಗಾಡಿಗೂ ಬರುವಂಥದ್ದು: ನಮ್ಮ ಹಂಪು ಗುಂಡಿಗಳಿಗೆ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಕಿಟಕಿ ಏರಿಸುವ ರೆಗ್ಯುಲೇಟರಿನ ಕ್ಲಿಪ್ಪು. ಸಸ್ಪೆನ್ಷನ್ ಪೂರ್ತಿ ಮಾಡಿಸಿದರೆ ನಲವತ್ತು ಸಾವಿರದವರೆಗೆ ಹೋಗಬಹುದು.

ಸ್ಪೇರ್ ಸಿಗುತ್ತದಾ ಅನ್ನುವ ಭಯ ಅರ್ಧ ಮಾತ್ರ ನಿಜ. ಡೀಸೆಲ್ ಆಕ್ಟೇವಿಯಾದ ಎಷ್ಟೋ ಸಾಮಾನು ಇದಕ್ಕೂ ಆಗುತ್ತದೆ. ಆಡಿ ಎ4ನ 1.8 ಟರ್ಬೋ ಕೂಡ ಇದೇ ಮನೆತನದ ಎಂಜಿನ್. ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಆದರೆ ಸೆನ್ಸರ್, ಕಾಯಿಲ್ ಕೊಳ್ಳುವಾಗ ಡಬ್ಬ ನೋಡಿ ನಂಬಬೇಡಿ, ಬಿಲ್ ತಗೊಳ್ಳಿ. ಒರಿಜಿನಲ್ ಡಬ್ಬದಲ್ಲಿ ಡೂಪ್ಲಿಕೇಟ್ ಮಾಲು ಬರುವುದುಂಟು. ನಿಜವಾಗಿ ಕಷ್ಟ ಆಗುವುದು ಆರ್‌ಎಸ್ ಬಂಪರ್, ಸೀಟು, ಅಲಾಯ್ ವೀಲ್‌ಗಳಿಗೆ. ಅವು ಕೆಟ್ಟಿರುವ ಗಾಡಿಗಿಂತ ಎಂಜಿನ್ ಕೆಲಸ ಇರುವ ಗಾಡಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನಾಳೆ ಬರುತ್ತೇನೆ ಅನ್ನಿ. ತಣ್ಣಗಿನ ಎಂಜಿನ್ನಿನ ಮೊದಲ ಸ್ಟಾರ್ಟ್ ನಿಮ್ಮ ಕಿವಿಗೇ ಕೇಳಬೇಕು. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ಕಪ್ಪು ಗಸಿ ಇದೆಯಾ? ಟೈಮಿಂಗ್ ಬೆಲ್ಟಿನ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ. ಈ ಗಾಡಿಗಳೆಲ್ಲಾ ಹದಿನೈದು ವರ್ಷ ದಾಟಿವೆ, ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ನವೀಕರಣ ಆಗಿದೆಯಾ, ಯಾವ ತಾರೀಕಿನವರೆಗೆ ಇದೆ ಅಂತ ನೋಡಿಕೊಳ್ಳಿ.